ಆರುನೂರ ನಲವತ್ತು ಮೀಟರಿನ ಕಿಲೋಮೀಟರು

ಮಹಡಿಯ ಕೋಣೆ,
ಜೂನ್ ೧೨, ಭಾನುವಾರ

ಪ್ರೀತಿಯ ತಮ್ಮಾ,

ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ಕೇಳುವವನಲ್ಲ ನೀನು. ನಿನ್ನ ಅತ್ತಿಗೆ ಕ್ಷೇಮ. ನನ್ನ ರಕ್ತದೊತ್ತಡ ಏರಿದೆ. ಅದಕ್ಕೆ ಉಪ್ಪು ಕಾರಣವಲ್ಲ, ರೈಲ್ವೆ ಕಚೇರಿ ಕಾರಣ.

ಸೊಸೆಯ ಕೆಲಸ ನಿನಗೆ ಗೊತ್ತಲ್ಲ, ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟಕ್ಕೆ ನಿಜವಾದ ಮಾರ್ಗಗಳನ್ನು ಅಳತೆಗೆ ಸರಿಯಾಗಿ ರಚಿಸುವುದು. ಈ ಸಲ ಅವಳ ಪಾಲಿಗೆ ಬಂದದ್ದು ನೀನು ಹನ್ನೊಂದು ವರ್ಷ ಇಂಜಿನ್ ಓಡಿಸಿದ ಮಾರ್ಗ. ಹಳಿ ಪಕ್ಕದ ಕಿಲೋಮೀಟರ್ ಕಲ್ಲುಗಳನ್ನೇ ನೆಚ್ಚಿ ಗೆರೆ ಎಳೆದು, ಉಪಗ್ರಹದ ಚಿತ್ರದ ಮೇಲಿಟ್ಟರೆ, ನಲವತ್ತೇಳನೇ ಕಲ್ಲಿನ ತನಕ ಸರಿಯಾಗಿ ಕೂತ ಹಳಿ ಆಮೇಲೆ ಯಾರದೋ ಗೋದಾಮಿನ ಗೋಡೆಗೆ ನುಗ್ಗಿತು! "ಮಾವ, ಕಲ್ಲು ಸುಳ್ಳು ಹೇಳುತ್ತಾ?" ಎಂದು ಕೇಳಿದಳು. ಚಿತ್ರವನ್ನೇ ಹಿಗ್ಗಿಸಿಬಿಡು ಎಂದು ಅವಳ ಮೇಲಿನವನ ಸಲಹೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ನನಗೆ ತಡೆಯಲಾಗಲಿಲ್ಲ. ಸೈಕಲ್ಲಿನ ಮುಂದಿನ ಚಕ್ರದ ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿ, ಹಳಿ ಪಕ್ಕದ ಕಾಲುದಾರಿಯಲ್ಲಿ ತಳ್ಳುತ್ತ ಸುತ್ತು ಎಣಿಸಿದೆ. ಒಂದು ಸುತ್ತಿಗೆ ಎರಡು ಮೀಟರು ಏಳು ಸೆಂಟಿಮೀಟರು. ನಲವತ್ತೇಳರಿಂದ ನಲವತ್ತೆಂಟನೇ ಕಲ್ಲಿಗೆ ಮುನ್ನೂರ ಒಂಬತ್ತೇ ಸುತ್ತು. ಮೂರು ದಿನವೂ ಅಷ್ಟೇ. ಸಾವಿರವಲ್ಲ, ಆರುನೂರ ನಲವತ್ತು ಮೀಟರು! ಅಲ್ಲಿದ್ದ ಹಳೇ ತಿರುವನ್ನು ತೆಗೆದು ಹಳಿ ನೇರ ಮಾಡಿದ್ದು ನೀನು ರೈಲ್ವೆಗೆ ಸೇರುವುದಕ್ಕೂ ಮೊದಲು, ನಾನು ಮೇಷ್ಟರ ಕೆಲಸಕ್ಕೆ ಸೇರಿದ ವರ್ಷ, ಚೆನ್ನಾಗಿ ನೆನಪಿದೆ. ದಾರಿ ಮೊಟಕಾಯಿತು, ಮುಂದಿನ ಕಲ್ಲುಗಳನ್ನು ಮಾತ್ರ ಯಾರೂ ಜರುಗಿಸಲಿಲ್ಲ. ಕಚೇರಿಗೆ ಹೋದರೆ ಗುಮಾಸ್ತ, "ಕಲ್ಲು ನೆಟ್ಟೋರು ನಾವು, ಅಳೆಯೋಕೆ ನೀವ್ಯಾರು ಸಾರ್?" ಎಂದ. ನಾಲ್ಕು ಅರ್ಜಿ ಕೊಟ್ಟೆ. ನಾಲ್ಕಕ್ಕೂ ಮೊಹರು ಬಿತ್ತು, ಉತ್ತರ ಬರಲಿಲ್ಲ.

ಇದೆಲ್ಲ ಯಾಕೆಂದು ನಿನಗೆ ಬಿಡಿಸಿ ಹೇಳಬೇಕೆ? ಗುಡ್ಡ ದಾಟಿ ನಲವತ್ತೇಳರ ಹತ್ತಿರ ಬಂದ ಮೇಲೇ ಹತ್ತೊಂಬತ್ತು ವರ್ಷದ ಹಿಂದೆ ನಿನ್ನ ಗೂಡ್ಸ್ ದಾಟಿಹೋದ ಆ ಕೆಂಪು ಸಿಗ್ನಲ್ ಕಾಣುವುದು. ಅದು ಇರುವುದು ನಲವತ್ತೆಂಟರಲ್ಲಿ. ತುಂಬಿದ ಗೂಡ್ಸ್ ನಿಲ್ಲಲು ಎಂಟುನೂರು ಮೀಟರು ಬೇಕು. ತನಿಖೆಯವರು ಕಲ್ಲು ಎಣಿಸಿ, ಸಾವಿರ ಮೀಟರು ಇತ್ತು, ಡ್ರೈವರ್ ತೂಕಡಿಸಿದ ಎಂದು ಬರೆದು ನಿನ್ನ ಕೆಲಸ ಕಿತ್ತುಕೊಂಡರು.

ಸೊಸೆ ಮೇಲಿನವನೊಡನೆ ಜಗಳವಾಡಿ ನಿಜವಾದ ಅಳತೆಯನ್ನೇ ಹಾಕಿದಳು. ನಿನ್ನೆ ನಿನ್ನ ಕಾಲದ ಇಬ್ಬರು ಡ್ರೈವರುಗಳನ್ನು ಕರೆದು ಆ ಆಟದ ಮುಂದೆ ಕೂರಿಸಿದೆವು. ಅದೇ ವೇಗ, ಅದೇ ಭಾರ, ಸಿಗ್ನಲ್ ಕಂಡ ಕೂಡಲೇ ಬ್ರೇಕ್. ಇಬ್ಬರೂ ಸಿಗ್ನಲ್ ದಾಟಿಯೇ ನಿಂತರು. "ಅಯ್ಯೋ, ಹತ್ತೊಂಬತ್ತು ವರ್ಷ ಅವನನ್ನ ಗೊರಕೆರಾಯ ಅಂತ ಆಡಿಕೊಂಡ್ವಲ್ಲೋ!" ಎಂದ, ನೀನು ಕುಳ್ಳ ಎಂದು ಕರೆಯುತ್ತಿದ್ದವನು.

ನಿನ್ನ ಹೆಂಡತಿಗೆ, ಮಗಳಿಗೆ ನಮ್ಮಿಬ್ಬರ ಆಶೀರ್ವಾದ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ಅಣ್ಣ

ಮರೆತಿದ್ದೆ — ಇಲ್ಲ, ಮರೆತಿರಲಿಲ್ಲ. ಅಂದು ತನಿಖೆಯವರು ಮನೆಗೂ ಬಂದಿದ್ದರು. ಹಿಂದಿನ ರಾತ್ರಿ ನೀನು ಸರಿಯಾಗಿ ಮಲಗಿದ್ದೆಯಾ ಎಂದು ಕೇಳಿದರು. "ನಾನು ನೋಡಲಿಲ್ಲ" ಎಂದೆ. ನೋಡಿದ್ದೆ. ಎಂಟು ಗಂಟೆ ಮಿಸುಕದೆ ಮಲಗಿದ್ದೆ ನೀನು. ಸಾವಿರ ಮೀಟರು ಎಂದು ಅವರು ಹೇಳಿದ್ದನ್ನು ನಂಬಿ, ತಪ್ಪಿತಸ್ಥನ ಪರ ಸುಳ್ಳುಸಾಕ್ಷಿ ಅನ್ನಿಸಿಕೊಳ್ಳಲು ಹೆದರಿದೆ. ಐದನೇ ಅರ್ಜಿಯಲ್ಲಿ ಇದನ್ನೇ ಮೊದಲು ಬರೆದಿದ್ದೇನೆ. ಕೆಳಗೆ ನಿನ್ನ ಸಹಿ ಬೇಕು. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಸೊಸೆಯ ಕೈಯಲ್ಲಿ ಕಳಿಸುತ್ತೇನೆ.