ದೊಡ್ಡಮಾವನ ಮನೆಯಲ್ಲಿ ಆರು ದಿನದ ರಜೆ

ಬೊಸ್ತೇರಿ, ಇಸ್ಸಿಕ್-ಕುಲ್ ಸರೋವರದ ದಂಡೆ
ಜುಲೈ 19, ಶುಕ್ರವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಓಶ್‌ನ ಬಿಸಿಲಿಗೆ ಸ್ವಲ್ಪ ಕಡಿಮೆಯಾಗಿರಬೇಕು ಅಂದುಕೊಂಡಿದ್ದೇನೆ. ಇಲಿಯಾಜ್ ಅಣ್ಣನ ಪಾಪುವಿಗೆ ನಲವತ್ತು ದಿನ ತುಂಬಿತಲ್ಲ, ನಲವತ್ತು ಚಮಚ ನೀರು ಹಾಕಿ ಸ್ನಾನ ಮಾಡಿಸಿದ್ದು ನೀನೇ ತಾನೆ? ಅತ್ತಿಗೆ ಮಗುವನ್ನು ನಿನ್ನ ಕೈಗೆ ಕೊಟ್ಟು ತಾನು ಹಾಯಾಗಿ ಮಲಗುತ್ತಾಳೋ ಏನೋ, ಸೊಂಟ ನೋಡಿಕೋ. ಫೋನ್ ಮಾಡಬಾರದಿತ್ತೇ ಎಂದು ಬೈಯಬೇಡ. ನೀನು ಫೋನನ್ನು ಲೌಡ್‌ಸ್ಪೀಕರಿಗೆ ಹಾಕಿ ಅಡುಗೆಕಟ್ಟೆಯ ಮೇಲಿಟ್ಟು ಈರುಳ್ಳಿ ಹೆಚ್ಚುತ್ತೀ, ನನ್ನ ಮಾತನ್ನು ಅಣ್ಣ, ಅತ್ತಿಗೆ, ಪಕ್ಕದ ಮನೆಯವಳು ಎಲ್ಲರೂ ಕೇಳುತ್ತಾರೆ. ಇದು ನಿನಗೊಬ್ಬಳಿಗೇ ಹೇಳಬೇಕಾದ ಮಾತು. ಇಲ್ಲಿನ ಅಡುಗೆಯವಳ ಮೈದುನ ನಾಳೆ ಓಶ್‌ಗೆ ಕಾರಿನಲ್ಲಿ ಹೋಗುತ್ತಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ರಜೆಗೆ ಎಲ್ಲಿ ಉಳಿಯುವುದು ಎಂದು ನನಗೂ ನಿನ್ನ ಅಳಿಯನಿಗೂ ಚಳಿಗಾಲವಿಡೀ ಜಗಳವಾಗಿದ್ದು ನಿನಗೆ ಗೊತ್ತು. ಪ್ರತಿ ಭಾನುವಾರ ನಿನ್ನ ಹತ್ತಿರ ಹೇಳಿಕೊಂಡು ಅತ್ತವಳು ನಾನೇ. ನನಗೆ ಬೇಕಿದ್ದದ್ದು ಬೊಸ್ತೇರಿಯ ವಿಶ್ರಾಂತಿಧಾಮದಲ್ಲಿ ಒಂದು ಕೋಣೆ. ಹೊತ್ತಿಗೆ ಸರಿಯಾಗಿ ಊಟದ ಹಾಲಿಗೆ ಹೋಗಿ ಕೂತರೆ ಯಾರೋ ತಟ್ಟೆ ತಂದಿಡಬೇಕು, ಉಂಡ ಮೇಲೆ ಯಾರೋ ಎತ್ತಿಕೊಂಡು ಹೋಗಬೇಕು, ಅಷ್ಟೇ. ಎರ್ಮೆಕ್‌ಗೆ ಬೇಕಿದ್ದದ್ದು ತಮ್ಚಿಯಲ್ಲಿರುವ ಅವನ ದೊಡ್ಡಪ್ಪನ ಮನೆ. "ಸ್ವಂತ ದೊಡ್ಡಪ್ಪನ ಬಾಗಿಲ ಮುಂದೇನೇ ಕಾರು ಓಡಿಸ್ಕೊಂಡು ಹೋಗಿ ಎಲ್ಲೋ ಮಲ್ಕೊಂಡ್ರೆ ಜನ ಏನಂತಾರೆ? ನಮಗೇನು ದಿಕ್ಕುದೆಸೆ ಇಲ್ವಾ?" ಅನ್ನುತ್ತಿದ್ದ. "ಅದು ನಿನಗೆ ರಜೆ, ನನಗೆ ಇನ್ನೊಂದು ಅಡುಗೆಮನೆ" ಅನ್ನುತ್ತಿದ್ದೆ. ಮಾರ್ಚ್ ಎಂಟರಂದು, ಮಹಿಳಾ ದಿನಕ್ಕೆಂದು ಟುಲಿಪ್ ಹೂ ತಂದುಕೊಟ್ಟು ತಾನೇ ಸೋತವನಂತೆ ಹೇಳಿದ: "ಆಯ್ತು ಮಾರಾಯ್ತಿ, ನಿಂದೇ ಗೆಲ್ಲಲಿ. ಬುಕ್ ಮಾಡಿದೀನಿ. ಎರಡನೇ ಮಹಡಿ, ಬಾಲ್ಕನೀಲಿ ನಿಂತ್ರೆ ನೀರು ಕಾಣುತ್ತೆ." ನಾನು ನಂಬಿದೆ. ಮದುವೆಯಾದ ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ನನಗೆಂದು ಒಂದು ಈಜುಡುಗೆ ಕೊಂಡೆ. ನಿನ್ನ ಮೊಮ್ಮಗಳು ಆದಿನಾಯ್ ನೋಡಿ ಬಿದ್ದು ಬಿದ್ದು ನಕ್ಕಳು.

ಹತ್ತನೇ ತಾರೀಖು ಬಿಷ್ಕೆಕ್‌ನಿಂದ ಹೊರಟೆವು. ತಮ್ಚಿ ಬರುತ್ತಲೇ ಕಾರು ನಿಧಾನವಾಯಿತು. "ಬಾಗಿಲಲ್ಲೇ ನಿಂತು ರೊಟ್ಟಿ ಮುರಿದು ಬಾಯಿಗೆ ಹಾಕ್ಕೊಂಡು ಹೊರಟುಬಿಡೋಣ, ಹತ್ತೇ ನಿಮಿಷ" ಅಂದ. ಮನೆಯ ಮುಂದೆ ಹಾದುಹೋಗುವಾಗ ರೊಟ್ಟಿ ರುಚಿ ನೋಡದೆ ಹೋಗುವುದು ನನಗೂ ಸರಿ ಕಾಣಲಿಲ್ಲ, ಇಳಿದೆ. ಅಂಗಳದಲ್ಲಿ ಕುರಿ ಕಟ್ಟಿಹಾಕಿದ್ದರು. ದೊಡ್ಡಮಾವ ಅದನ್ನು ಎಳೆದುಕೊಂಡು ಬಂದು ಎರ್ಮೆಕ್ ಮುಂದೆ ನಿಲ್ಲಿಸಿ, "ಬಾತಾ ಕೊಡಪ್ಪ" ಅಂದರು. ನಿನಗೆ ನಾನು ಹೇಳಿಕೊಡಬೇಕೇ ಅಮ್ಮಾ, ಅತಿಥಿ ಅಂಗೈ ಚಾಚಿ ಹರಸಿದ ಮೇಲೆ ಕುರಿಯ ಕುತ್ತಿಗೆಗೆ ಚೂರಿ ಬಿತ್ತೆಂದರೆ ಆ ಅತಿಥಿ ಎದ್ದು ಹೋಗುವ ಹಾಗಿಲ್ಲ. ಹೋದರೆ ಆ ಮನೆಯವರ ಮುಖಕ್ಕೆ ಉಗಿದಂತೆ. ನಾನು ಬೇಡ ಎಂದು ತಲೆಯಾಡಿಸಿದೆ. ಎರ್ಮೆಕ್ ನನ್ನನ್ನು ಒಂದು ಸಲ ನೋಡಿದ, ಆಮೇಲೆ ದೊಡ್ಡಪ್ಪನನ್ನು ನೋಡಿದ, ಜೇಬಿನಿಂದ ಎರಡೂ ಕೈ ತೆಗೆದು ಅಂಗೈ ಚಾಚಿದ. ಎಲ್ಲರೂ "ಓಮಿನ್" ಎಂದು ಮುಖ ಸವರಿಕೊಂಡರು. ಹಾಳು ಅಭ್ಯಾಸ, ನನ್ನ ಕೈಗಳೂ ತಾವಾಗಿಯೇ ಮೇಲೆದ್ದು ಮುಖ ಸವರಿದವು. ಹತ್ತು ನಿಮಿಷದೊಳಗೆ ಸಾಬಿರಾ ದೊಡ್ಡತ್ತೆ ನನ್ನ ಸೊಂಟಕ್ಕೆ ಏಪ್ರನ್ ಕಟ್ಟಿದರು. ಹೊಸದು, ನನ್ನ ಅಳತೆಗೇ ಹೊಲಿಸಿದ್ದು.

ಒಂದು ರಾತ್ರಿ ತಾನೇ ಎಂದು ನಾನಿನ್ನೂ ಆಸೆ ಇಟ್ಟುಕೊಂಡಿದ್ದೆ, ಎಂಥ ಪೆದ್ದಿ ನೋಡು. ಮರುದಿನ ಬೆಳಿಗ್ಗೆ ವಿಶ್ರಾಂತಿಧಾಮಕ್ಕೆ ಫೋನ್ ಮಾಡಿ, ನಾವು ಬರುವುದು ತಡವಾಗುತ್ತದೆ, ಕೋಣೆ ಬೇರೆಯವರಿಗೆ ಕೊಟ್ಟುಬಿಡಬೇಡಿ ಎಂದೆ. ಆ ಹುಡುಗಿ ಪಟ್ಟಿಯನ್ನು ಎರಡು ಸಲ ನೋಡಿದಳು. ಆ ಹೆಸರಿನಲ್ಲಿ ಯಾರೂ ಯಾವತ್ತೂ ಬುಕ್ ಮಾಡಿರಲಿಲ್ಲ. ಎರಡನೇ ಮಹಡಿಯೇ ಇಲ್ಲವಂತೆ ಅಮ್ಮಾ, ಆ ಕಟ್ಟಡಕ್ಕೆ ಇರುವುದು ಒಂದೇ ಅಂತಸ್ತು. ಎರ್ಮೆಕ್‌ನನ್ನು ಕೇಳಿದರೆ, "ನಿನ್ನ ಮನಸ್ಸು ನೋಯ್ಬಾರ್ದು ಅಂತ ಹಾಗಂದೆ. ನಾಲ್ಕು ತಿಂಗಳು ಖುಷಿಯಾಗಿದ್ದೆ ತಾನೆ?" ಅಂದ. ಹೌದು, ಇದ್ದೆ. ಅದನ್ನು ನೆನೆದರೇ ಈಗಲೂ ಮೈ ಉರಿಯುತ್ತದೆ.

ಆಮೇಲಿನ ದಿನಗಳು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಪಟ್ಟಣದಿಂದ ಸೊಸೆ ಬಂದಿದ್ದಾಳೆ ಎಂದು ದಿನಕ್ಕೊಂದು ಮನೆಯವರು ನೋಡಲು ಬರುತ್ತಿದ್ದರು. ನಾನು ಚಹಾದ ನೀರು ಕುದಿಯುವ ಸಮೋವಾರ್ ಪಕ್ಕ ಕೂತು ಬಟ್ಟಲಿಗೆ ಅರ್ಧ ಮಾತ್ರ ಚಹಾ ಬಗ್ಗಿಸುತ್ತಿದ್ದೆ. ತುಂಬಾ ಬಗ್ಗಿಸಿದರೆ ಕುಡಿದು ಎದ್ದು ಹೋಗಿ ಎಂದಂತೆ, ಅರ್ಧ ಬಗ್ಗಿಸಿದರೆ ಮರ್ಯಾದೆ. ಆ ಮರ್ಯಾದೆಗೆ ನನ್ನ ಮೊಣಕೈ ಊದಿಕೊಂಡಿತು. ಎರ್ಮೆಕ್ ಮಕ್ಕಳನ್ನು ಕರೆದುಕೊಂಡು ನೀರಿಗೆ ಹೋಗಿ ಕೆಂಪಗೆ ಕಾದು ಬರುತ್ತಿದ್ದ. ಸರೋವರ ಮನೆಯಿಂದ ಐದು ನಿಮಿಷದ ದಾರಿ. ನಾನು ಅದರಲ್ಲಿ ಪಾದ ಕೂಡ ಅದ್ದಲಿಲ್ಲ.

ನಾಲ್ಕನೇ ದಿನ ಕಾಲುವೆಯ ಬಳಿ ಕೂತು ನಾನೂ ಸಾಬಿರಾ ದೊಡ್ಡತ್ತೆಯೂ ಇನ್ನೊಂದು ಕುರಿಯ ಕರುಳು ತೊಳೆಯುತ್ತಿದ್ದೆವು. ಆಕೆ ಕೆಟ್ಟವರಲ್ಲ. ನನ್ನ ಬಾಡಿದ ಮುಖ ನೋಡಿ ಸಮಾಧಾನ ಮಾಡಲೆಂದೇ ಹೇಳಿದರು: "ನಿಮ್ಮಮ್ಮ ಬಂಗಾರದಂಥ ಹೆಂಗಸು ಕಣೇ. ಮೇ ತಿಂಗಳಲ್ಲೇ ಫೋನ್ ಮಾಡಿ ನಿನ್ನ ಅಳತೆ ಕೊಟ್ರು. 'ಮೊದಲೇ ಹೇಳ್ಬೇಡಿ, ದಾರೀಲಿ ಇಳಿಸ್ಕೊಳ್ಳಿ. ಒಂದಿನ ಮುಖ ಊದಿಸ್ಕೊತಾಳೆ. ಕುರಿಗೆ ಬಾತಾ ಆಗೋಯ್ತು ಅಂದ್ರೆ ತುಟಿ ಪಿಟಕ್ ಅನ್ನಲ್ಲ, ನನ್ ಮಗಳು ನಂಗೆ ಗೊತ್ತಿಲ್ವಾ' ಅಂದ್ರು."

ನಾನು ನಕ್ಕುಬಿಟ್ಟೆ ಅಮ್ಮಾ, ನನಗಿದು ಗೊತ್ತೇ ಇರಲಿಲ್ಲ ಎಂದು ಆಕೆಗೆ ತಿಳಿಯಬಾರದೆಂದು. ಎರ್ಮೆಕ್ ಸುಳ್ಳು ಹೇಳಿದ್ದು ಗೊತ್ತಾದಾಗ ಸಿಟ್ಟು ಬಂದಿತ್ತು. ನಿನ್ನ ಹೆಸರು ಕೇಳಿದಾಗ ಸಿಟ್ಟೂ ಬರಲಿಲ್ಲ, ತೊಳೆದ ಕರುಳನ್ನೇ ಮತ್ತೆ ಮತ್ತೆ ತೊಳೆದೆ. ಭಾನುವಾರ ಭಾನುವಾರ ನಾನು ಅತ್ತದ್ದನ್ನೆಲ್ಲ ಕೇಳಿಸಿಕೊಂಡು, "ಹೌದು ಕಂದಾ, ನಿನಗೂ ಸುಸ್ತಾಗುತ್ತೆ" ಅನ್ನುತ್ತಿದ್ದೆಯಲ್ಲ, ಫೋನ್ ಇಟ್ಟ ಮೇಲೆ ಅವರಿಗೆ ಮಾಡುತ್ತಿದ್ದೆಯಾ? ಗಂಡ ಮೋಸ ಮಾಡಿದರೆ ತಾಯಿಯ ಹತ್ತಿರ ಹೇಳಿಕೊಳ್ಳಬಹುದು. ನೀನು ಮಾಡಿದ್ದನ್ನು ನಾನು ಯಾರಲ್ಲಿ ಹೇಳಿಕೊಳ್ಳಲಿ?

ಆಗಲೂ ತುಟಿ ಬಿಚ್ಚಲಿಲ್ಲ. ನಿನ್ನ ಲೆಕ್ಕಾಚಾರ ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಆರನೇ ದಿನ ಹಿತ್ತಲಿನಿಂದ ಒಳಗೆ ಬಂದಾಗ, ಸಮೋವಾರ್ ಪಕ್ಕ ನನ್ನ ಜಾಗದಲ್ಲಿ ಆದಿನಾಯ್ ಕೂತಿದ್ದಳು. ಒಂಬತ್ತು ವರ್ಷದ ಕೂಸು, ತಲೆಗೆ ಚೌಕ ಕಟ್ಟಿದ್ದರು, ಹದಿನಾಲ್ಕು ಜನರಿಗೆ ಚಹಾ ಬಗ್ಗಿಸುತ್ತಿದ್ದಳು. "ನೋಡ್ರೀ, ಸರಿಯಾಗಿ ಅರ್ಧಕ್ಕೇ ನಿಲ್ಲಿಸ್ತಾಳೆ, ಯಾರ ಮನೆಗೆ ಹೋಗುತ್ತೋ ಈ ಚಿನ್ನ" ಎಂದು ಯಾರೋ ಹೊಗಳಿದರು. ಎರ್ಮೆಕ್ ಎದೆಯುಬ್ಬಿಸಿ ಮೀಸೆ ತಿರುವಿದ. ಅವನ ತೊಡೆಯ ಮೇಲೆ ಅವಳ ತಮ್ಮ ಬೆಕ್ತುರ್ ಸಕ್ಕರೆ ಚೀಪುತ್ತಾ ಕೂತಿದ್ದ. ಅವನಿಗೆ ಯಾರೂ ಏನೂ ಕಲಿಸುತ್ತಿರಲಿಲ್ಲ.

ನಾನು ಏಪ್ರನ್ ಬಿಚ್ಚಿ ಮಡಚಿಟ್ಟೆ. ಆದಿನಾಯ್ ಕೈ ಹಿಡಿದು ಎಬ್ಬಿಸಿದೆ. ಬಾಗಿಲಲ್ಲಿ ಎರ್ಮೆಕ್, "ಹತ್ತು ಜನರೆದುರು ನನ್ನ ಮಾನ ಕಳೀತೀಯಾ?" ಎಂದು ಹಲ್ಲು ಕಡಿದ. ನಾನು ಚಪ್ಪಲಿ ಮೆಟ್ಟಿಕೊಂಡೆ. ದೊಡ್ಡಮಾವ ಮಾತ್ರ ಅಂಗಳದವರೆಗೆ ಬಂದು, "ನಮ್ಮನೇಲಿ ಏನು ಕಮ್ಮಿಯಾಯ್ತು ಮಗಳೇ?" ಅಂದರು. "ಏನೂ ಕಮ್ಮಿಯಾಗಿಲ್ಲ ಮಾವ, ಎಲ್ಲ ಜಾಸ್ತಿಯಾಯ್ತು" ಅಂದೆ. ಆ ಮುದುಕರ ಮುಖ ನೋಡಿ ಪಾಪ ಅನ್ನಿಸಿದ್ದು ನಿಜ. ಆದರೂ ಹೆದ್ದಾರಿಗೆ ಬಂದು ವ್ಯಾನ್ ಹತ್ತಿದೆ. ಬೆಕ್ತುರ್ ಅಪ್ಪನನ್ನು ಬಿಟ್ಟು ಬರಲಿಲ್ಲ.

ಈಗ ವಿಶ್ರಾಂತಿಧಾಮದಲ್ಲಿದ್ದೇನೆ. ಉಳಿದಿದ್ದದ್ದು ಅಡುಗೆಮನೆ ಪಕ್ಕದ ಒಂದೇ ಕೋಣೆ. ಕಿಟಕಿ ತೆರೆದರೆ ಎಲೆಕೋಸಿನ ವಾಸನೆ, ನೀರು ಕಾಣುವುದಿಲ್ಲ. ಮೊದಲ ದಿನ ಊಟವಾದ ಕೂಡಲೇ ಎದ್ದು ಪಕ್ಕದ ಮೇಜಿನ ತಟ್ಟೆಗಳನ್ನೂ ಜೋಡಿಸತೊಡಗಿದ್ದೆ. ಆದಿನಾಯ್ ಲಂಗ ಜಗ್ಗಿ, "ಅಮ್ಮಾ, ಕೂತ್ಕೋ, ಎಲ್ರೂ ನೋಡ್ತಿದಾರೆ" ಅಂದಳು.

ಪಾಪುವಿಗೆ ನನ್ನದೊಂದು ಮುತ್ತು ಕೊಡು. ಅಣ್ಣ ಅತ್ತಿಗೆಯರಿಗೆ ಕೇಳಿದೆನೆಂದು ಹೇಳು. ಮಾತ್ರೆಗಳನ್ನು ಊಟವಾದ ಮೇಲೇ ನುಂಗು.

ನಿನ್ನ ಮಗಳು,
ಜಿಪಾರ್

ಮರೆತಿದ್ದೆ: ನಿನ್ನೆ ಎರ್ಮೆಕ್ ಗೇಟಿನ ಹತ್ತಿರ ಬಂದು ತಪ್ಪಾಯಿತು ಅಂದ. ಜೊತೆಗೆ, ನೀನು ಅವನಿಗೆ ಫೋನಿನಲ್ಲಿ ಹೇಳಿದ ಇನ್ನೊಂದು ಮಾತನ್ನೂ ಹೇಳಿದ: "ನಮ್ಮೋರೂ ನನ್ನನ್ನ ಹೀಗೇ ಮೋಸ ಮಾಡಿ ಕರ್ಕೊಂಡ್ಹೋಗ್ತಿದ್ರು, ನಾನು ಒಗ್ಗಿಕೊಂಡೆ, ಅವ್ಳೂ ಒಗ್ಗಿಕೊಳ್ತಾಳೆ." ಅಪ್ಪ ಪ್ರತಿ ಬೇಸಿಗೆಯಲ್ಲೂ ತನ್ನ ಅಣ್ಣನ ಹುಲ್ಲುಗಾವಲಿಗೆ ನಿನ್ನನ್ನು ಕರೆದೊಯ್ಯುತ್ತಿದ್ದರಲ್ಲ, ನೀನು ಚಾಕರಿ ಮಾಡಿ ಚರ್ಮ ಒಡೆದ ಕೈ ಹೊತ್ತುಕೊಂಡು ಬಂದು "ಹವಾ ಚೆನ್ನಾಗಿತ್ತು" ಅನ್ನುತ್ತಿದ್ದೆ. ಅದು ನನಗೆ ಹೇಳಿದ ಸುಳ್ಳೋ, ನಿನಗೆ ನೀನೇ ಹೇಳಿಕೊಂಡದ್ದೋ? ಈ ಕೋಣೆಯಲ್ಲಿ ಮೂರು ಹಾಸಿಗೆಗಳಿವೆ. ಮೂರನೆಯದಕ್ಕೆ ಎರ್ಮೆಕ್ ಹೆಸರು ಬರೆಸಿಲ್ಲ, ನಿನ್ನ ಹೆಸರು ಬರೆಸಿದ್ದೇನೆ, ಇಪ್ಪತ್ತೆಂಟರವರೆಗೆ. ಸಿಟ್ಟು ಇಳಿದಿದೆ ಎಂದು ತಿಳಿದು ಬರಬೇಡ, ಇಳಿದಿಲ್ಲ. ಎದುರಾಬದುರು ಕೂತು ಕೇಳಬೇಕಾದದ್ದು ಬಹಳ ಇದೆ. ಇಲ್ಲಿ ತಟ್ಟೆ ಎತ್ತುವವರು ಬೇರೆ ಇದ್ದಾರೆ ಅಮ್ಮಾ, ಉತ್ತರ ಹೇಳದೆ ನೀನು ಎದ್ದು ಹೋಗುವ ಹಾಗಿಲ್ಲ.