ಮಿಕ್ಕ ಎಂಟು ಮಂದಿ

ಸಿಂಧನೂರು
ಮಂಗಳವಾರ, ೨೨ ಏಪ್ರಿಲ್ ೨೦೨೫

ಪ್ರೀತಿಯ ತಮ್ಮ ಗಂಗಾಧರನಿಗೆ ಅಕ್ಕ ದುರ್ಗಾದೇವಿ ಮಾಡುವ ಆಶೀರ್ವಾದ.

ಹೇಗಿದ್ದೀಯ? ಹೋದ ದೀಪಾವಳಿಗೆ ಬಂದಾಗ ಗಂಟಲು ಕಟ್ಟಿಕೊಂಡು ಮಾತು ಮಾತಿಗೂ ಬಿಸಿನೀರು ಕೇಳುತ್ತಿದ್ದೆ, ಅದು ಗುಣವಾಯಿತೋ ಇಲ್ಲವೋ. ಸುರೇಖಾಳ ಬೆನ್ನಿಗೆಂದು ಕಳಿಸಿದ ಎಣ್ಣೆ ಹಚ್ಚುವುದಕ್ಕೆ, ಕಪಾಟಿನಲ್ಲಿಟ್ಟು ನೋಡುವುದಕ್ಕಲ್ಲ. ಹೆಂಡತಿಯ ಬೆನ್ನಿಗೆ ಎಣ್ಣೆ ತಿಕ್ಕಿದರೆ ಯಾವ ಪ್ರೊಫೆಸರನ ಮರ್ಯಾದೆಯೂ ಹೋಗುವುದಿಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ಸಕ್ಕರೆ ಏರುತ್ತದೆ, ಇಳಿಯುತ್ತದೆ. ಮೊಣಕಾಲು ಮಾತ್ರ ಏರುವುದಕ್ಕೂ ಒಲ್ಲೆ, ಇಳಿಯುವುದಕ್ಕೂ ಒಲ್ಲೆ ಅನ್ನುತ್ತದೆ. ಕೈಯಲ್ಲಿ ಫೋನಿರುವಾಗ ಅಕ್ಕ ಪತ್ರ ಬರೆಯುವುದೇಕೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನೀನು "ಅಕ್ಕಾ, ಮೀಟಿಂಗಿನ್ಯಾಗ ಅದೀನಿ" ಅನ್ನುತ್ತೀಯ. ಈ ತಿಂಗಳು ಹಾಗೆ ಬಹಳ ಸಲ ಅಂದೆ. ಕಾಗದಕ್ಕೆ ಹಾಗೆ ಹೇಳಿ ಇಟ್ಟುಬಿಡಲು ಬರುವುದಿಲ್ಲ.

ಇಲ್ಲಿ ಹಂಗಾಮು ಜೋರಾಗಿದೆ. ಕಾಲುವೆ ಕಡೆ ಎರಡನೇ ಬೆಳೆಯ ಭತ್ತ ಕೊಯ್ಯುತ್ತಿದ್ದಾರೆ. ಕೊಯ್ದ ಊರಿನಲ್ಲೆಲ್ಲ ನಾಟಕ. ಗಂಡ ತೀರಿಕೊಂಡ ಮೇಲೆ ನಾಟಕ ಕಂಪನಿಯವರ ಡ್ರೆಸ್ಸುಗಳಿಗೆ ಇಸ್ತ್ರಿ ಹಾಕಿ ಹೊಟ್ಟೆ ಹೊರೆದವಳು ನಾನು. ಮುಳುಗಿಹೋದ ಒಂದು ಕಂಪನಿಯ ಹಳೆಯ ಅರಮನೆ ಪರದೆ ಹಿಡಿದುಕೊಂಡು, ಪರದೆ ಡ್ರೆಸ್ಸು ಬಾಡಿಗೆಗೆ ಕೊಡುವ ಈ ಡ್ರಾಮಾ ಸೀನ್ಸ್ ಅಂಗಡಿ ಹಾಕಿದೆ. ಈಗ ನನ್ನ ಎರಡು ಸ್ಟೇಜು ಒಂದೇ ದಿನ ಎರಡು ಊರಿನಲ್ಲಿ ನಿಲ್ಲುತ್ತವೆ. ಮುದಗಲ್ಲಿನ ಕಡೆ ಹೋದ ನಾಟಕದಲ್ಲಿ ಗಾಳಿಗೆ ಕಾಡಿನ ಪರದೆ ಹರಿದು, ಎರಡನೇ ಅಂಕದ ಕಾಡೆಲ್ಲ ಅರಮನೆಯೊಳಗೇ ನಡೆಯಿತಂತೆ. ಯಾರೂ ತಕರಾರು ಮಾಡಲಿಲ್ಲ. ನಮ್ಮ ಜನ ಪರದೆ ನೋಡಲು ಬರುವುದಿಲ್ಲ, ತಮ್ಮ ಓಣಿಯ ಹುಡುಗ ಬಣ್ಣ ಹಚ್ಚಿಕೊಂಡದ್ದನ್ನು ನೋಡಲು ಬರುತ್ತಾರೆ.

ಆ ಸಾಮಾನು ತುಂಬಿಕೊಂಡು ನಮ್ಮ ಗಾಡಿಯ ದಾವಲ್‌ಸಾಬ್ ವಾಪಸು ಬರುವಾಗ ಲಿಂಗಸುಗೂರಿನ ಬಸ್ ನಿಲ್ದಾಣದ ಹತ್ತಿರ ಚಹಾಕ್ಕೆ ನಿಂತಿದ್ದಾನೆ. ಸುತ್ತಿದ ಹಾಸಿಗೆಯ ಮೇಲೆ ಒಬ್ಬ ಹುಡುಗಿ ಕುಳಿತಿದ್ದಳು. "ಬಸ್ಸಪ್ಪನ ಮಗಳಲ್ಲೇನವಾ ನೀ? ಮಸ್ಕಿ ಬಸ್ಸು ಹೋತಲ್ಲ, ಯಾಕ ಹತ್ತಲಿಲ್ಲ?" ಎಂದು ಕೇಳಿದರೆ "ಮುಂದಿನದಕ್ಕ ಹೋಗ್ತೀನ್ರಿ" ಅಂದಳಂತೆ. ಇವನು ಚಹಾ ಮುಗಿಸಿ ಬೀಡಿ ಸೇದುವಷ್ಟರಲ್ಲಿ ಮುಂದಿನದೂ ಹೋಯಿತು. ಅವಳು ಎದ್ದಿಲ್ಲ. ದಾವಲ್‌ಸಾಬ್ ಮತ್ತೇನೂ ಕೇಳದೆ ಹಾಸಿಗೆ ಎತ್ತಿ ಗಾಡಿಗೆ ಹಾಕಿ "ಮುಂದ ಕುಂದ್ರು ತಾಯಿ, ಅಕ್ಕಾರ ಮನಿಗೆ ಹೋಗೂಣು" ಅಂದನಂತೆ. ಅಂದಿನಿಂದ ಪಂಪಾವತಿ ನನ್ನ ಮನೆಯಲ್ಲಿದ್ದಾಳೆ. ಅವಳು ಇನ್ನೂ ನಿನ್ನ ಕಾಲೇಜಿನಲ್ಲಿ ನಾಟಕ ಕಲಿಯುತ್ತಿದ್ದಾಳೆಂದೇ ಮಸ್ಕಿಯಲ್ಲಿ ಅವಳ ಅಪ್ಪ ಅವ್ವ ತಿಳಿದಿದ್ದಾರೆ.

ಹೋದ ವರ್ಷ ನೀನು ಅವರ ಪಡಸಾಲೆಯಲ್ಲಿ ಕುಳಿತದ್ದು ಮರೆತಿರಲಾರೆ, ಪಕ್ಕದಲ್ಲಿ ನಾನೂ ಇದ್ದೆ. ಹುಡುಗಿಯನ್ನು ನನ್ನ ಸ್ಟೇಜಿನ ಮೇಲೆ ನೋಡಿ ಬೆರಗಾಗಿ ನೀನೇ ಕೇಳಿಕೊಂಡು ಹೋಗಿದ್ದೆ. ಹುಡುಗಿಯ ಅವ್ವ ಯಮನಮ್ಮ ಒಪ್ಪಿರಲಿಲ್ಲ. ವಳಕಮದಿನ್ನಿಯಲ್ಲಿ ಅವಳ ತಮ್ಮ ಮಲ್ಲೇಶ ಅಕ್ಕನ ಮಗಳಿಗಾಗಿ ಕಾಯುತ್ತಿದ್ದ, ಮದುವೆಯ ಮಾತು ಮುಗಿದಂತೆಯೇ ಇತ್ತು. "ನಾಟಕ ಕಲಿಯಾಕ ಕಾಲೇಜು ಬೇಕೇನ್ರಿ? ಇವರಪ್ಪ ಯಾವ ಕಾಲೇಜಿನ್ಯಾಗ ಕಲ್ತಾನ?" ಎಂದು ಅವಳು ಕೇಳಿದಾಗ ನೀನು, "ಎರಡು ವರ್ಷ ನನ್ನ ಕೈಯಾಗ ಕೊಡ್ರಿ, ಆಕಿ ಜವಾಬ್ದಾರಿ ನಂದು" ಅಂದೆ. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಬಸ್ಸಪ್ಪ ಕಚೇರಿಯ ಜವಾನನಾದರೂ ರಂಗದ ಮೇಲೆ ರಾಜನಾಗಿ ಮೆರೆದವನು. ರಾಜನ ಹಾಗೆಯೇ ಎಲೆ-ಅಡಿಕೆ ಮಡಿಚಿ ನಿನ್ನ ಕೈಗಿಟ್ಟ. ನೀನು ಬಾಯಿಗೆ ಹಾಕಿಕೊಂಡೆ.

ನಿಮ್ಮಲ್ಲಿ ಹುಡುಗರನ್ನು ತೆಗೆದುಹಾಕುವ ರೀತಿಯನ್ನು ಅವಳು ನನಗೆ ಒಂದೇ ಸಲ ಹೇಳಿದಳು, ಮತ್ತೆ ಹೇಳಿಲ್ಲ. ವರ್ಷದ ಕೊನೆಗೆ ಇಪ್ಪತ್ತು ಮಂದಿಯನ್ನು ಒಬ್ಬೊಬ್ಬರಾಗಿ ಕರೆಯುತ್ತೀರಿ. ಮೂರು ಕುರ್ಚಿ, ನಡುವಿನದು ನಿನ್ನದು. ಮೊದಲು ಕುಡಿಯಲು ನೀರು ಕೊಡುತ್ತೀರಿ. ನೀರು ಕೊಟ್ಟರೆ ಮುಗಿಯಿತು ಎಂದು ಹುಡುಗರಿಗೆ ಗೊತ್ತಂತೆ, ಉಳಿಯುವವರಿಗೆ ನೀರು ಕೊಡುವುದಿಲ್ಲವಂತೆ. ನಿನ್ನ ಬಲಕ್ಕೆ ಕುಳಿತವರು "ನಿನ್ನ ನಾಲಿಗೆಗೆ ಊರು ಅಂಟಿಕೊಂಡಿದೆ, ಹೋಗುವ ಲಕ್ಷಣವಿಲ್ಲ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ" ಅಂದರಂತೆ. ನೀನು ಬಿಸಿನೀರಿನ ಲೋಟ ನೋಡುತ್ತಾ ಕುಳಿತಿದ್ದೆಯಂತೆ. ಆಮೇಲೆ ಮನೆಯ ಅಡಚಣೆಯಿಂದ ನಾನಾಗಿಯೇ ಬಿಡುತ್ತಿದ್ದೇನೆ ಎಂದು ಬರೆದುಕೊಡಲು ಹೇಳಿದ್ದಾರೆ. ಅವಳ ಬಳಿ ಪೆನ್ನಿರಲಿಲ್ಲ, ನಿನ್ನದನ್ನು ಕೊಟ್ಟೆ. ಸಂಜೆಯೊಳಗೆ ಹಾಸ್ಟೆಲು ಖಾಲಿ ಮಾಡಬೇಕು, ಹಿಂದಿನ ಮೆಟ್ಟಿಲಿನಿಂದ ಇಳಿಯಬೇಕು. ಇಳಿಯುವಾಗ ಮೇಲಿನ ಹಾಲಿನಲ್ಲಿ ಉಳಿದ ಹನ್ನೆರಡು ಮಂದಿ ಹಾಡುತ್ತಿದ್ದರು. ದಿನಾ ತಾನು ಎತ್ತಿಕೊಡುತ್ತಿದ್ದ ಹಾಡು ಅದು, ಅಂದು ಬೇರೆ ಯಾರೋ ಎತ್ತಿಕೊಟ್ಟರು ಅಂದಳು.

ತಮ್ಮಾ, ಅರಮನೆ ಬಾಡಿಗೆ ಕೊಡುವ ಹೆಂಗಸು ನಾನು. ಎಲ್ಲರೂ ನಟರಾಗುತ್ತಾರೆಂದು ಹೇಳುವಷ್ಟು ದಡ್ಡಿಯಲ್ಲ. ಬಣ್ಣ ಹಚ್ಚುವವರಲ್ಲಿ ಮುಕ್ಕಾಲು ಪಾಲು ಕೆಟ್ಟ ನಟರು, ಅವರಿಂದಲೇ ನನ್ನ ಅಂಗಡಿ ನಡೆಯುತ್ತದೆ. ಆದರೆ ಕೂಡಿ ಕಳೆಯುವುದು ನನಗೆ ಬರುತ್ತದೆ. ತರಗತಿಗೆ ಇಪ್ಪತ್ತು ಮಂದಿ ತುಂಬದಿದ್ದರೆ ಮೇಲಿನವರು ಮಂಜೂರಾತಿ ಕೊಡುವುದಿಲ್ಲ, ಎರಡನೇ ವರ್ಷದ ತಿರುಗಾಟದ ಟೆಂಪೊದಲ್ಲಿ ಹನ್ನೆರಡಕ್ಕಿಂತ ಹೆಚ್ಚು ಹುಡುಗರು ಹಿಡಿಯುವುದಿಲ್ಲ ಎಂದು ದೀಪಾವಳಿಗೆ ಬಂದಾಗ ನೀನೇ ಹೋಳಿಗೆ ತಿನ್ನುತ್ತಾ ನಗುತ್ತಾ ಹೇಳಿದ್ದೆ. ನಾನೂ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ. ಆ ಎಂಟು ಮಂದಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೊರತೆ ಹುಡುಕಿದ್ದೀರಿ. ಒಬ್ಬನ ಭುಜ ಸರಿಯಿಲ್ಲ, ಒಬ್ಬಳಿಗೆ ಲಯವಿಲ್ಲ, ಇವಳ ನಾಲಿಗೆಯಲ್ಲಿ ಮಸ್ಕಿ ಇದೆ. ಟೆಂಪೊದಲ್ಲಿ ಜಾಗವಿಲ್ಲ ಎಂದು ಖರೆ ಹೇಳಿದ್ದರೆ ಹುಡುಗರು ಟೆಂಪೊವನ್ನು ಬೈದು ಮನೆಗೆ ಹೋಗುತ್ತಿದ್ದರು. ಈಗ ತಮ್ಮನ್ನೇ ಬೈದುಕೊಳ್ಳುತ್ತಿದ್ದಾರೆ.

ನಮ್ಮ ಅಪ್ಪ ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರ, ಮಸ್ಕಿ ಸುತ್ತಿನ ಊರಿಗೆಲ್ಲ ನಾಟಕ ಕಲಿಸಿದವನು. ತಾಲೀಮಿನ ಮೊದಲ ದಿನ ಬಂದವರಿಗೆಲ್ಲ ಎಲೆ-ಅಡಿಕೆ ಕೊಡುತ್ತಿದ್ದ, ಕೊಟ್ಟ ಮೇಲೆ ಒಬ್ಬರನ್ನೂ ಎಬ್ಬಿಸುತ್ತಿರಲಿಲ್ಲ. ಪುಸ್ತಕದಲ್ಲಿರುವ ಪಾತ್ರಕ್ಕಿಂತ ಬಂದ ಮಂದಿ ಯಾವಾಗಲೂ ಹೆಚ್ಚು. ಪೇಟಿಯ ಮೇಲೆ ಕಾಗದವಿಟ್ಟುಕೊಂಡು ಅಪ್ಪ ಇಲ್ಲದ ದೂತರನ್ನು, ಇಲ್ಲದ ವೈದ್ಯರನ್ನು ಬರೆಯುತ್ತಿದ್ದ; ಒಂದು ವರ್ಷ ರಾಜನಿಗೆ ಇಬ್ಬರು ಹೆಚ್ಚಿನ ತಮ್ಮಂದಿರು ಹುಟ್ಟಿದರು. ನಾಟಕ ಮುಗಿಯುವಷ್ಟರಲ್ಲಿ ಬಿಸಿಲೇರುತ್ತಿತ್ತು, ಆದರೆ ಯಾರ ಮನೆಯಲ್ಲೂ ಅಳುವಿರಲಿಲ್ಲ. ಒಂದು ವರ್ಷ ಒಬ್ಬ ಹುಡುಗನನ್ನು ದ್ವಾರಪಾಲಕ ಮಾಡಿದ್ದ. ಹುಡುಗನಿಗೆ ಮಾತು ತೊದಲು, ತಾಲೀಮಿನ ಉದ್ದಕ್ಕೂ "ಮಹಾಪ್ರಭು" ಎಂಬಲ್ಲಿಯೇ ತಡೆದು ನಿಲ್ಲುತ್ತಿದ್ದ. ಊರ ಹಿರಿಯರು ಇವನನ್ನು ತೆಗೀರಿ ಮಾಸ್ತರ ಅಂದರು. "ಮಾತು ತೆಗಿಯೂಣಂತ, ಹುಡುಗನ್ನ ತೆಗಿಯೂದು ಬ್ಯಾಡ" ಎಂದು ಅಪ್ಪ ನಾಲ್ಕು ಸಾಲಿನ ಮಾತನ್ನು ಒಂದು ಸಾಲಿಗೆ ಇಳಿಸಿದ. ನಾಟಕದ ದಿನ ಆ ಒಂದು ಸಾಲೂ ಬರಲಿಲ್ಲ. ಮಂದಿ ಸಿಳ್ಳು ಹೊಡೆಯುತ್ತಿದ್ದರು, ಹುಡುಗ ಈಟಿ ಅವುಚಿಕೊಂಡು ನಿಂತಿದ್ದ. ಸಿಂಹಾಸನದ ಮೇಲೆ ಮೀಸೆ ಆಗಷ್ಟೇ ಬಂದಿದ್ದ ರಾಜನಿದ್ದ. ಅವನು ಎದ್ದು ಬಂದು ಹುಡುಗನ ಹೆಗಲ ಮೇಲೆ ಕೈಯಿಟ್ಟು, "ದ್ವಾರಪಾಲಕಾ, ನೀನು ಬಾಯಿ ತೆರೆಯಬೇಕಿಲ್ಲ. ಶತ್ರುಗಳು ಕೋಟೆ ಬಾಗಿಲಿಗೆ ಬಂದಿದ್ದಾರೆಂದು ನಿನ್ನ ಮುಖವೇ ಹೇಳುತ್ತಿದೆ" ಎಂದು ಅವನ ಮಾತನ್ನೂ ತಾನೇ ಆಡಿದ. ಸಿಳ್ಳು ಚಪ್ಪಾಳೆಯಾಯಿತು. ಆ ರಾಜ ಬಸ್ಸಪ್ಪ. ದ್ವಾರಪಾಲಕ ಯಾರೆಂದು ನಾನು ಬರೆಯಬೇಕಿಲ್ಲ. ನಿಮ್ಮ ಮೂರು ಕುರ್ಚಿಯ ಮುಂದೆ ಆ ಹುಡುಗ ಬಂದಿದ್ದರೆ ಒಳಗೆ ಕಾಲಿಡುವ ಮೊದಲೇ ನೀರು ಕೊಡುತ್ತಿದ್ದಿರಿ.

ಇಲ್ಲಿ ಅವಳ ಸ್ಥಿತಿ ಹೀಗಿದೆ. ಮನೆಕೆಲಸ ಎಲ್ಲ ಮಾಡುತ್ತಾಳೆ, ಬೇಡವೆಂದರೂ ಕೇಳುವುದಿಲ್ಲ. ಅಂಗಡಿಯಲ್ಲಿ ಕನ್ನಡಿ ಕಡೆ ಬೆನ್ನು ಹಾಕಿ ಡ್ರೆಸ್ಸು ಮಡಚುತ್ತಾಳೆ. ಮಾತು ಹೆಚ್ಚುಕಡಿಮೆ ನಿಂತುಹೋಗಿದೆ. ಉಪ್ಪು ಕೇಳುವುದಕ್ಕೂ ಮೊದಲು ತುಟಿಯೊಳಗೆ ಅಂದುಕೊಂಡು, ಸರಿಯಿದೆಯೋ ನೋಡಿ, ಆಮೇಲೆ ಬೇಡವೆಂದು ತಾನೇ ಎದ್ದು ಹೋಗಿ ತರುತ್ತಾಳೆ. ಕೇರಿಗೆಲ್ಲ ಕೇಳುವಂತೆ ನಗುತ್ತಿದ್ದ ಹುಡುಗಿ. ಮನೆಯಲ್ಲಿ ಇದ್ದದ್ದು ಇದ್ದಂತೆ ಹೇಳಿಬಿಡು ಅಂದೆ. "ತೆಗೆದ್ರು ಅಂದ್ರ ಅಪ್ಪ ಗಂಗಾಧರ ಮಾಸ್ತರ್ರನ್ನ ನಂಬ್ತಾನ ದೊಡ್ಡವ್ವ, ನನ್ನ ನಂಬಂಗಿಲ್ಲ. ಮಾಸ್ತರ್ರ ಬ್ಯಾಡಂದ್ರಂದ್ರ ಇಕಿ ಖರೇನ ಕೆಲಸಕ್ಕ ಬಾರದಾಕಿ ಅಂತ ತಿಳೀತಾನ. ನಾನಾ ಬಿಟ್ಟೆ ಅಂದ್ರ ಸಿಟ್ಟಿಗರ ಏಳ್ತಾನ, ಅದಾ ಚಲೋ" ಅಂದಳು. ಅಪ್ಪನಿಗೆ ಹೇಳುವುದಿಲ್ಲವೆಂದು ನನ್ನಿಂದ ತಲೆಯ ಮೇಲೆ ಕೈ ಇಡಿಸಿಕೊಂಡಿದ್ದಾಳೆ. ಹೇಗೆ ಹೇಳಿದರೂ ಮುಂದೆ ಇರುವುದು ವಳಕಮದಿನ್ನಿಯೇ. ಮಲ್ಲೇಶ ಕೆಟ್ಟವನೆಂದು ನಾನು ಅನ್ನುವುದಿಲ್ಲ. ಆದರೆ ಮದುವೆಯಾದರೂ ನಾಟಕ ಬಿಡುವುದಿಲ್ಲ ಎಂದು ಅವಳು ಒಮ್ಮೆ ಅಂದದ್ದಕ್ಕೆ, "ಮದುವಿ ಮೊದಲು ಏನರ ಕುಣೀಲಿ, ಆಮ್ಯಾಲ ಗದ್ದಿ ಬಿಟ್ಟು ಎಲ್ಲಿ ಹೋಗ್ತಾಳ" ಎಂದವನು ಅವನು.

ಬರುವ ಶುಕ್ರವಾರ ನೀನು ಮಸ್ಕಿಗೆ ಬಾ. ಆ ಪಡಸಾಲೆಯಲ್ಲಿಯೇ ಕುಳಿತು, ಇವಳಾಗಿ ಬಿಟ್ಟಿಲ್ಲ, ನಾವು ತೆಗೆದೆವು, ತೆಗೆದದ್ದು ಇವಳ ಕೊರತೆಗಲ್ಲ ಎಂದು ಹೇಳಿ ಹುಡುಗಿಯನ್ನು ವಾಪಸು ಕರೆದುಕೊಂಡು ಹೋಗು. ಮಿಕ್ಕ ಏಳು ಮಂದಿಯ ಅಪ್ಪ ಅವ್ವ ಎಲ್ಲೆಲ್ಲಿದ್ದಾರೋ ನನಗೆ ಗೊತ್ತಿಲ್ಲ, ನಿನಗೆ ಗೊತ್ತು. ಪಾತ್ರ ಸಾಲದಿದ್ದರೆ ಬರೆ, ಅಪ್ಪನ ಮಗನಲ್ಲವೇ ನೀನು. ಟೆಂಪೊ ಸಾಲದಿದ್ದರೆ ತಿರುಗಾಟ ಮುಗಿಯುವವರೆಗೂ ದಾವಲ್‌ಸಾಬ್ ಗಾಡಿ ಸಮೇತ ನಿಮ್ಮ ಜೊತೆ ಇರುತ್ತಾನೆ. ಇದರ ಮೇಲೂ ಆಗುವುದಿಲ್ಲವೆಂದರೆ ಯಾಕೆ ಆಗುವುದಿಲ್ಲ ಎಂಬುದನ್ನಾದರೂ ಬಂದು ಹೇಳು.

ಸುರೇಖಾಳಿಗೆ ನನ್ನ ನೆನಪು ಹೇಳು. ನಿನ್ನ ಗಂಟಲು ಬೇಗ ತೆರೆಯಲಿ ಎಂದು ಹರಸುವ,

ನಿನ್ನ ಅಕ್ಕ,
ದುರ್ಗಾದೇವಿ

ತಾ.ಕ. ಇದು ಬುಧವಾರ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೂಡಿಸಿ ಓದಿಕೊ. ಶುಕ್ರವಾರದ ಮಾತು ಬಿಡು. ನಿಮ್ಮ ಆಫೀಸಿನವರು ನಿನ್ನೆ ಬಸ್ಸಪ್ಪನಿಗೆ ಫೋನು ಮಾಡಿ, ಮಗಳು ತಾನಾಗಿಯೇ ಬಿಟ್ಟಿದ್ದಾಳೆ, ಉಳಿದ ಪುಸ್ತಕ ಒಯ್ಯಿರಿ ಅಂದರಂತೆ. ಅವಳು ನಮ್ಮ ಗಾಡಿ ಹತ್ತಿದ್ದನ್ನು ಲಿಂಗಸುಗೂರಿನಲ್ಲಿ ನೋಡಿದ್ದ ಯಾರೋ ಅವನಿಗೆ ಹೇಳಿದರಂತೆ, ಬಸ್ಸಪ್ಪ ಬೆಳಿಗ್ಗೆ ನೇರ ಇಲ್ಲಿಗೇ ಬಂದ. ಮಗಳ ಮೇಲೆ ಕೈ ಮಾಡಲಿಲ್ಲ. "ಮಾಸ್ತರ್ರು ಮನಿ ಮಟ ಬಂದು ಕರ್ಕೊಂಡು ಹೋಗಿದ್ರು, ಅವ್ರ ಮಾರಿಗೆ ಮಸಿ ಹಚ್ಚಿ ಬಂದಿಯಲ್ಲ ಬೇ" ಎಂದಷ್ಟೇ ಅಂದ. ನನಗೆ, "ಮೊದಲ ಇಕಿನ್ನ ಮಾಸ್ತರ್ರ ಕಾಲಿಗೆ ಹಾಕಿ ತಪ್ಪಾತು ಅನಿಸ್ತೀನ್ರಿ ಅಕ್ಕಾರ, ಆಮ್ಯಾಲ ಮಲ್ಲೇಶಗ ಮಾತು ಕೊಡ್ತೀನಿ" ಅಂದ. ಪಂಪಾವತಿ ನನ್ನ ಮುಖ ನೋಡಿದಳು. ಕೊಟ್ಟ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೆ. ಇಬ್ಬರೂ ಸಂಜೆಯ ಬಸ್ಸಿಗೆ ನಿನ್ನ ಊರಿಗೆ ಹೊರಟಿದ್ದಾರೆ, ನಿನಗೆ ಕಾಣಿಕೆಯೆಂದು ಮಲ್ಲೇಶನ ಗದ್ದೆಯ ಅಕ್ಕಿ ಕಟ್ಟಿಕೊಂಡಿದ್ದಾನೆ. ಈ ಪತ್ರ ಅಂಚೆಗೆ ಹಾಕುತ್ತಿಲ್ಲ, ಲಕೋಟೆ ಅಂಟಿಸಿ ಹುಡುಗಿಯ ಕೈಯಲ್ಲೇ ಕೊಡುತ್ತಿದ್ದೇನೆ. ಆದ್ದರಿಂದ ನೀನು ಇದನ್ನು ಓದುವಾಗ ಅವರಿಬ್ಬರೂ ನಿನ್ನ ಎದುರಿಗೆ ನಿಂತಿರುತ್ತಾರೆ. ಕುರ್ಚಿ ಕೊಟ್ಟರೂ ಬಸ್ಸಪ್ಪ ಮಾಸ್ತರರ ಮುಂದೆ ಕೂರುವವನಲ್ಲ. ನೀರು ಮಾತ್ರ ಕೊಡಬೇಡ, ಹುಡುಗಿ ಹೆದರುತ್ತಾಳೆ. ಅವಳು ನಿನ್ನ ಕಾಲಿಗೆ ಬಾಗುವ ಮೊದಲು ಬಾಯಿ ತೆರೆ. ಅಂದು ನಿನ್ನ ಮಾತನ್ನು ಬಸ್ಸಪ್ಪ ಆಡಿದ. ಈ ಸಲ ಆಡಬೇಕಾದ ಮಾತು ಅವನಿಗೆ ಗೊತ್ತಿಲ್ಲ.