ಹಾಗಾದರೆ ನಾನು ಜೂಜಾಡಿದ್ದು ಯಾರ ಜೊತೆ?

ಮಾನ್ಯರೇ,

ನನಗೆ ಮೊಗುಲಪ್ಪನ ವಕೀಲರು ಬೇಕು. ಬೇರೆ ಯಾರೂ ಬೇಡ. ಉಚಿತ ಕಾನೂನು ನೆರವಿನ ಕಚೇರಿಯ ಅಧಿಕಾರಿಗಳಾದ ತಮ್ಮನ್ನು ಇದನ್ನೇ ಅರ್ಜಿಯಲ್ಲಿ ವಿನಯದಿಂದ ಕೇಳಿದ್ದೆ. ‘ತಾವು ತಪ್ಪೊಪ್ಪಿಕೊಂಡಿದ್ದೀರಿ, ತಮ್ಮ ಪ್ರಕರಣ ಮುಗಿದಿದೆ’ ಎಂದು ಒಂದೇ ಸಾಲಿನಲ್ಲಿ ಕೈ ತೊಳೆದುಕೊಂಡಿರಿ. ವಿನಯದಿಂದ ಆಗದ ಕೆಲಸವನ್ನು ಈಗ ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಎದುರು ನಿಂತು ಕೇಳುತ್ತಿದ್ದೇನೆ.

ನಾನು ತೆಲುಗು ನಾಡಿನ ಗಡಿಯಲ್ಲಿರುವ ಧರೂರು ಮಂಡಲದ ಒಂದು ಊರಿನಲ್ಲಿ ಪ್ರಾಣದೇವರ ಗುಡಿಯ ಅರ್ಚಕ. ತಪ್ಪಾಯಿತು, ಅರ್ಚಕನಾಗಿದ್ದವನು. ಮೊಗುಲಪ್ಪ ಅದೇ ಗುಡಿಯ ಅಂಗಳ ಗುಡಿಸಿ ನೀರು ತರುವವನು. ಬಲಿಪಾಡ್ಯದ ದಿನ ಪೂಜೆಯಾದ ಮೇಲೆ ಗುಡಿ ಮುಂದಿನ ಕಟ್ಟೆಯಲ್ಲಿ ಪಗಡೆ ಹಾಸಿ ಒಂದಾಟ ಆಡುವುದು ನಮ್ಮೂರಿನ ಪದ್ಧತಿ. ನಮ್ಮಜ್ಜ ಆಡಿದ್ದರು, ಅವರಜ್ಜನೂ ಆಡಿದ್ದಿರಬೇಕು. ಗೆದ್ದವರಿಗೆ ದೇವರ ಮುಂದಿಟ್ಟ ಕೊಬ್ಬರಿ ಬಟ್ಟಲು, ಸೋತವರಿಗೂ ಅದರಲ್ಲೇ ಒಂದು ಚೂರು. ಆ ದಿನ ಕಾಲುವೆ ದಂಡೆಯಲ್ಲಿ ಇಸ್ಪೀಟು ಆಡುವವರನ್ನು ಹುಡುಕಿಕೊಂಡು ಪೊಲೀಸರು ಬಂದರು. ಇಸ್ಪೀಟಿನವರು ಓಡಿಹೋಗಿದ್ದರು. ಓಡಲು ಯಾವ ಕಾರಣವೂ ಇಲ್ಲದ ನಾವು ನಾಲ್ವರು, ನಾನು, ಮೊಗುಲಪ್ಪ, ಊರಿನ ಇನ್ನಿಬ್ಬರು, ಕಟ್ಟೆಯ ಮೇಲೆ ಕೂತಿದ್ದೆವು. ಬರಿಗೈಯಲ್ಲಿ ಹೋಗುವುದಕ್ಕಿಂತ ಇವರೇ ಆಗಲಿ ಎಂದು ನಮ್ಮನ್ನೇ ಜೀಪು ಹತ್ತಿಸಿದರು. ಪಕ್ಕದಲ್ಲಿದ್ದ ಮಂಗಳಾರತಿ ತಟ್ಟೆಯನ್ನು, ಅದರಲ್ಲಿ ಭಕ್ತರು ಹಾಕಿದ್ದ ಚಿಲ್ಲರೆಯ ಸಮೇತ, ಜೂಜಿನ ಪಣವೆಂದು ಜಪ್ತಿ ಮಾಡಿದರು. ಹೀಗೆ ನಾನು ಮೊದಲನೇ ಆರೋಪಿಯಾದೆ, ಮೊಗುಲಪ್ಪ ಎರಡನೆಯವನು.

ಗದ್ವಾಲದ ನಮ್ಮ ಭಾವ ಜಾಮೀನು ನಿಂತು ನನ್ನನ್ನು ಸಂಜೆಯೊಳಗೆ ಬಿಡಿಸಿದರು. ಮೊಗುಲಪ್ಪನಿಗೆ ನಿಲ್ಲುವವರು ಯಾರೂ ಇರಲಿಲ್ಲ. ಅವನು ಜೈಲಿಗೆ ಹೋದ. ಆಗ ಅವನ ಬಗ್ಗೆ ನನಗೆ ಕರುಣೆ ಬಂದಿತ್ತು ಎಂದರೆ ನಂಬುತ್ತೀರಾ? ಆ ಕರುಣೆ ವಾರವೂ ಬಾಳಲಿಲ್ಲ. ಏಕೆಂದರೆ ತಾವು ಅವನಿಗೆ ಮಾಧವಿ ಎಂಬ ವಕೀಲರನ್ನು ಕೊಟ್ಟಿರಿ.

ಆ ತಾಯಿ ಜೈಲಿಗೇ ಹೋಗಿ ಅವನನ್ನು ಕಂಡರು. ಅವನ ಸ್ವಂತ ಮುಚ್ಚಳಿಕೆಯ ಮೇಲೆಯೇ ಬಿಡಿಸಿ ತಂದರು. ಆಮೇಲೆ ಒಂದು ದಿನ ನಮ್ಮೂರಿಗೆ ಬಂದು ಅದೇ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಗಡೆ ಹಾಸಿಸಿ, ಯಾರು ಎಲ್ಲಿ ಕೂತಿದ್ದರು, ತಟ್ಟೆ ಎಲ್ಲಿತ್ತು, ಕೊಬ್ಬರಿ ಯಾರ ಪಾಲಾಗಬೇಕಿತ್ತು ಎಂದು ಒಂದೊಂದಾಗಿ ಕೇಳಿದರು. ಮೊಗುಲಪ್ಪನವರೇ ಎಂದು ಕರೆದು ಕೇಳಿದರು. ನಮ್ಮೂರಿನಲ್ಲಿ ಅವನನ್ನು ‘ಅವರೇ’ ಎಂದವರು ಅದಕ್ಕೂ ಮುಂಚೆ ಯಾರೂ ಇಲ್ಲ, ನಾನಂತೂ ಅಲ್ಲ. ನಾನು ಗುಡಿಯ ಬಾಗಿಲಲ್ಲಿ ಹೂ ಕಟ್ಟುವ ನೆಪದಲ್ಲಿ ಕೂತು ನೋಡುತ್ತಿದ್ದೆ. ನನ್ನನ್ನೂ ಯಾರಾದರೂ ಹೀಗೆ ಒಮ್ಮೆ ಕೇಳಬಾರದೇ ಎಂದು ಹೊಟ್ಟೆ ಉರಿಯಿತು. ಹೌದು ಮಾನ್ಯರೇ, ನನಗೆ ಹೊಟ್ಟೆಕಿಚ್ಚು. ವೇದ ಓದಿದವನು ಅಂಗಳ ಗುಡಿಸುವವನನ್ನು ಕಂಡು ಕರುಬುತ್ತಿದ್ದಾನೆ. ಬೇಕಾದರೆ ಇದನ್ನೂ ನನ್ನ ಅಪರಾಧಗಳ ಜೊತೆಗೆ ಸೇರಿಸಿಕೊಳ್ಳಿ.

ನನ್ನ ವಕೀಲರ ಹೆಸರು ಬರೆಯುವುದಿಲ್ಲ. ಅವರು ನಮ್ಮವರು, ಮಠದಲ್ಲಿ ಒಂದೇ ಪಂಕ್ತಿಯಲ್ಲಿ ಊಟ ಮಾಡಿದವರು. ನಮ್ಮ ಮನೆತನದಲ್ಲಿ ಹುಡುಗಿ ನೋಡುವುದಾಗಲಿ, ವಕೀಲರನ್ನು ಹಿಡಿಯುವುದಾಗಲಿ, ಮೊದಲು ಕೇಳುವುದು ಯಾರ ಕಡೆಯವರು ಎಂದು. ಕೇಸು ಗೆಲ್ಲುತ್ತಾರೆಯೇ ಎಂದು ಕೇಳುವುದು ಮರ್ಯಾದೆಯಲ್ಲ. ಉಚಿತವಾಗಿ ಸಿಗುವ ವಕೀಲರು ಎಂಥವರಿರುತ್ತಾರೆ ಎಂಬ ಬಿಗುಮಾನ ಬೇರೆ. ನಮ್ಮ ವಕೀಲರು ಆ ದಿನ ಕಟ್ಟೆಯಲ್ಲಿ ಏನಾಯಿತೆಂದು ಇಂದಿನವರೆಗೂ ನನ್ನನ್ನು ಕೇಳಿಲ್ಲ. ಕೋರ್ಟಿನ ವರಾಂಡದಲ್ಲಿ ಅವರು ಕೇಳಿದ್ದು, ಮಧ್ಯಾಹ್ನದ ನೈವೇದ್ಯ ಎಷ್ಟು ಹೊತ್ತಿಗೆ ಎಂದು.

ನನಗೆ ಉಳಿದದ್ದು ಅದೊಂದೇ ಚಿಂತೆ ಎಂಬುದು ಅವರಿಗೆ ಗೊತ್ತಿತ್ತು. ನಾನು ಹೋಗಿ ಬಾಗಿಲು ತೆಗೆಯದಿದ್ದರೆ ದೇವರಿಗೆ ನೈವೇದ್ಯವಿಲ್ಲ, ನೈವೇದ್ಯವಾಗದೆ ನಮ್ಮ ಮನೆಯಲ್ಲಿ ಯಾರಿಗೂ ಊಟವಿಲ್ಲ. ಅವರು ಗಡಿಯಾರ ನೋಡಿ ಹೇಳಿದರು:

“ಆಚಾರ್ರೆ, ಜಡ್ಜ್ ಕೇಳಿದಾಗ ಇಲ್ಲ ಅಂದ್ರ, ಪ್ರತಿ ಪೇಶಿಗೂ ಕೋರ್ಟಿಗೆ ಬಂದು ಸಂಜಿತನಕ ಕೂಡಬೇಕಾಗ್ತದ. ದೇವ್ರು ಉಪವಾಸ ಬೀಳ್ತಾನ. ಹೌದು ಅಂದುಬಿಡ್ರಿ, ಸಣ್ಣ ದಂಡ ಹಾಕ್ತಾರ, ಹನ್ನೊಂದರ ಬಸ್ ಸಿಗ್ತದ.”

ನ್ಯಾಯಾಧೀಶರ ಮೇಲೆ ನನ್ನದೇನೂ ದೂರಿಲ್ಲ. ಅವರು ತೆಲುಗಿನಲ್ಲಿ, ನೇರಂ ಒಪ್ಪುಕುಂಟುನ್ನಾರಾ, ಅಪರಾಧ ಒಪ್ಪಿಕೊಳ್ಳುತ್ತೀರಾ ಎಂದು ಒಂದಲ್ಲ ಎರಡು ಸಲ ಕೇಳಿದರು. ಯೋಚನೆ ಮಾಡಿ ಹೇಳಿ ಎಂದೂ ಅಂದರು. ನಾನು ಯೋಚಿಸಿದ್ದು ಬಸ್ಸಿನ ಬಗ್ಗೆ. ಒಪ್ಪಿಕೊಂಡೆ. ಆಗ ನಮ್ಮ ವಕೀಲರು ಬಾಗಿಲ ಹೊರಗೆ ಫೋನಿನಲ್ಲಿ ಇನ್ಯಾರಿಗೋ ಸಮಾಧಾನ ಹೇಳುತ್ತಿದ್ದರು. ಬಸ್ಸು ಸಿಕ್ಕಿತು, ನೈವೇದ್ಯ ಹೊತ್ತಿಗೆ ಸರಿಯಾಗಿ ಆಯಿತು. ಅಂದು ಗೆದ್ದೆನೆಂದೇ ತಿಳಿದು ಉಂಡು ಮಲಗಿದೆ.

ಮೊಗುಲಪ್ಪನೂ ಉಳಿದಿಬ್ಬರೂ ಇಲ್ಲ ಎಂದರು. ಮಾಧವಿಯವರು ಪ್ರತಿ ಪೇಶಿಗೂ ಅವನ ಪಕ್ಕದಲ್ಲಿ ನಿಂತರು. ತಟ್ಟೆಯಲ್ಲಿ ಅರಿಶಿನ ಕುಂಕುಮ ಇತ್ತೇ ಇಲ್ಲವೇ ಎಂದು ಪೊಲೀಸರನ್ನು ಕೇಳಿ, ಇತ್ತು ಎಂದು ಅವರ ಬಾಯಿಂದಲೇ ಹೇಳಿಸಿದರು. ಕೊನೆಗೆ ಬಂದ ತೀರ್ಪಿನ ಪ್ರಕಾರ ಆ ದಿನ ಆ ಕಟ್ಟೆಯಲ್ಲಿ ನಡೆದದ್ದು ಹಬ್ಬದ ಆಚರಣೆ, ಜೂಜು ನಡೆದೇ ಇಲ್ಲ. ಮೂವರೂ ನಿರ್ದೋಷಿಗಳು. ಸಂತೋಷ. ಹಾಗಾದರೆ ನಾನು ಜೂಜಾಡಿದ್ದು ಯಾರ ಜೊತೆ, ಮಾನ್ಯರೇ? ಎದುರಿಗೆ ಯಾರೂ ಇಲ್ಲದೆ, ಪಣವೂ ಇಲ್ಲದೆ, ಒಬ್ಬನೇ ಕೂತು ಜೂಜಾಡಿ ಸಿಕ್ಕಿಬಿದ್ದ ಮನುಷ್ಯ ಈ ದೇಶದಲ್ಲಿ ನಾನೊಬ್ಬನೇ ಇರಬೇಕು. ಇದಕ್ಕೆ ಶಾಲು ಹೊದಿಸಿ ಸನ್ಮಾನ ಮಾಡುವ ಯೋಜನೆ ತಮ್ಮ ಕಚೇರಿಯಲ್ಲಿ ಏನಾದರೂ ಉಂಟೇ?

ಸನ್ಮಾನಕ್ಕೆ ಬದಲಾಗಿ ಗುಡಿಗಳನ್ನು ನೋಡಿಕೊಳ್ಳುವ ಮೇಲಿನ ಕಚೇರಿಯಿಂದ ಆದೇಶ ಬಂತು. ಜೂಜಿನ ಅಪರಾಧಿ ದೇವರನ್ನು ಮುಟ್ಟುವಂತಿಲ್ಲ. ಈಗ ಗದ್ವಾಲದಿಂದ ರಾಘು ಎಂಬ ಹುಡುಗ ಮೋಟರ್ ಸೈಕಲ್ ಮೇಲೆ ಬಂದು ಪೂಜೆ ಮಾಡುತ್ತಾನೆ. ಇನ್ನೂ ಮೂರು ಗುಡಿ ಅವನ ಪಾಲಿಗಿವೆ. ನಮ್ಮ ದೇವರಿಗೆ ನೈವೇದ್ಯ ಒಮ್ಮೊಮ್ಮೆ ಸಂಜೆಗೆ. ದೇವರು ಹಸಿಯಬಾರದೆಂದು ನಾನು ಅಪರಾಧಿಯಾದೆ, ನಾನು ಅಪರಾಧಿಯಾದೆನೆಂದು ದೇವರು ಹಸಿದ. ಗುಡಿಯ ಬೀಗದ ಕೈ ಮೊಗುಲಪ್ಪನ ಸೊಂಟದಲ್ಲಿದೆ, ಏಕೆಂದರೆ ಅವನ ಮೇಲೆ ಯಾವ ಕಳಂಕವೂ ಇಲ್ಲ.

ನಾಚಿಕೆ ಬಿಟ್ಟು ಮಾಧವಿಯವರ ಬಳಿಗೆ ಹೋದೆ. ನನ್ನ ವರಮಾನಕ್ಕೆ ನನಗೂ ಈ ನೆರವು ಮೊದಲ ದಿನದಿಂದಲೇ ಸಿಗುತ್ತಿತ್ತು ಎಂದು ಅವರಿಂದ ತಿಳಿಯಿತು. ಕೋರ್ಟಿನ ಗೋಡೆಗೆ ಬೋರ್ಡು ಹಾಕಿದ್ದಾರಂತೆ. ನೋಡಿದೆ, ಇದೆ. ನಮ್ಮ ವಕೀಲರಿಗಾಗಿ ಕಾಯುವಾಗಲೆಲ್ಲ ನಾನು ಬೆನ್ನು ಕೊಟ್ಟು ನಿಲ್ಲುತ್ತಿದ್ದದ್ದು ಅದಕ್ಕೇ. ಜೈಲಿನಲ್ಲಿದ್ದವನನ್ನು ಹುಡುಕಿಕೊಂಡು ಹೋಗುವ ತಮ್ಮ ನೆರವಿಗೆ, ಬೋರ್ಡಿಗೆ ಒರಗಿ ನಿಂತವನ ಭುಜ ತಟ್ಟಲು ಏನು ಅಡ್ಡಿ? ಮೇಲಿನ ಕೋರ್ಟಿಗೆ ಹೋಗಿ ಇದನ್ನು ಮತ್ತೆ ನೋಡಿ ಎಂದು ಕೇಳಬಹುದು, ಆದರೆ ತಮ್ಮ ಆದೇಶವಿಲ್ಲದೆ ಮಾಧವಿಯವರು ನನ್ನ ಪರವಾಗಿ ನಿಲ್ಲುವಂತಿಲ್ಲವಂತೆ. ತಮ್ಮ ಒಂದು ಸಾಲಿನ ಉತ್ತರ ಬಂದದ್ದು ಆ ಆದೇಶ ಕೇಳಿದ್ದಕ್ಕೇ.

ನನ್ನ ಹೆಂಡತಿ ವಿಜಯಾಬಾಯಿ, ಮೊಗುಲಪ್ಪನ ಮೇಲೆ ಯಾಕೆ ಉರಿಯುತ್ತೀರಿ, ಅವನೇನು ನಿಮ್ಮ ವಕೀಲರನ್ನು ಕಸಿದುಕೊಂಡನೇ ಎನ್ನುತ್ತಾಳೆ. ಕಸಿದುಕೊಂಡಿದ್ದರೆ ಅವನಿಗೆ ಕೈ ಮುಗಿಯುತ್ತಿದ್ದೆ.

ಮೊನ್ನೆ ಏಕಾದಶಿ. ಗುಡಿಯ ಹೊಸ್ತಿಲಾಚೆ ಬೇರೆ ಭಕ್ತರಂತೆ ನಿಂತಿದ್ದೆ. ಮೊಗುಲಪ್ಪ ಬೀಗ ತೆಗೆದ. ಬರ್ರಿ ಆಚಾರ್ರೆ, ದರ್ಶನ ಮಾಡ್ಕೊಳ್ರಿ ಎಂದ, ಮನೆಯ ಯಜಮಾನ ನೆಂಟನನ್ನು ಕರೆಯುವ ಹಾಗೆ. ನನ್ನ ಮುಖ ಕಂಡು, ಬೀಗವನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದ:

“ಜಡ್ಜ್ ಸಾಬ್ರು ಕೇಳಿದಾಗ ನಾ ಹೇಳೀನ್ರಿ, ಆಚಾರ್ರು ಜೂಜು ಆಡಿಲ್ಲಂತ. ಆ ಇಬ್ರೂ ಹಂಗ ಹೇಳ್ಯಾರ. ಹೇಳದವ್ರು ನೀವೊಬ್ರೇ ರೀ.”

ಮಾನ್ಯರೇ, ಗುಡಿಯನ್ನು ತಮ್ಮಿಂದ ಕೇಳುತ್ತಿಲ್ಲ, ಪರಿಹಾರವನ್ನೂ ಕೇಳುತ್ತಿಲ್ಲ. ಮಾಧವಿಯವರಿಗೆ ಆದೇಶ ಕೊಡಿ. ಅವರು ಆ ಕಟ್ಟೆಯ ಮೇಲೆ ಕೂತು ನನ್ನನ್ನೂ ಕೇಳಲಿ. ಆಮೇಲೆ ಯಾವ ಕೋರ್ಟಿನಲ್ಲಾದರೂ ಸರಿ, ಅವರು ನನ್ನ ಪಕ್ಕದಲ್ಲಿ ನಿಂತಿರುವಾಗ, ‘ಇಲ್ಲ’ ಎಂದು ನಾನೂ ಒಮ್ಮೆ ಹೇಳಬೇಕು. ಈ ಸಲ ಸಂಜೆತನಕ ಕೂರುತ್ತೇನೆ. ನನಗೀಗ ಹನ್ನೊಂದರ ಬಸ್ಸಿನ ಅವಸರವಿಲ್ಲ.

ಇಂತಿ,
ಜೊತೆಗಾರರಿಲ್ಲದೆ ಜೂಜಾಡಿದ
ಜಯತೀರ್ಥಾಚಾರ್,
ಮೊದಲನೇ ಆರೋಪಿ ಮತ್ತು ಏಕೈಕ ಅಪರಾಧಿ,
ಧರೂರು ಮಂಡಲ